ಸಂತೆಯಿಂದ ತಂದ ಐದು ಹೇಂಟೆ: ಇವು ನಾಟಿನಾ, ಅಲ್ವಾ?

ಕೇಳಿದವರು, ಸುಂಟಿಕೊಪ್ಪ ಹತ್ತಿರ
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಸಂತೆಯಲ್ಲಿ ನಾಟಿ ಅಂತ ಹೇಳಿ ಐದು ಹೇಂಟೆ ಕೊಟ್ಟರು. ಮೂರು ಕಂದು ಬಣ್ಣ, ಬಾಲದ ಹತ್ತಿರ ಬಿಳಿ ಪುಕ್ಕ. ಒಂದು ಪೂರ್ತಿ ಕಪ್ಪು. ಇನ್ನೊಂದಕ್ಕೆ ಕುತ್ತಿಗೆಯಲ್ಲಿ ಪುಕ್ಕವೇ ಇಲ್ಲ. ಕಪ್ಪಿನದು ಕಡಕ್‌ನಾಥ್ ಅಂತ ಇನ್ನೂರು ರೂಪಾಯಿ ಜಾಸ್ತಿ ತಗೊಂಡರು. ನಮ್ಮತ್ತೆ ಮಂಕರಿ ಎತ್ತಿ ನೋಡಿ, “ಇದರಲ್ಲಿ ನಾಟಿ ಎಲ್ಲಿದೆ?” ಅಂದವರು ಒಳಗೆ ಹೋಗಿಬಿಟ್ಟರು. ನನಗೆ ಬೇಕಾದದ್ದು ಮನೆಗೆ ಮೊಟ್ಟೆ, ವರ್ಷಕ್ಕೆ ಎರಡು ಸಲ ಒಂದಿಷ್ಟು ಮರಿ. ತಳಿ ಗುರುತಿಸುವುದು ಹೇಗೆ? ಸಾಕಿದವರು ದಯವಿಟ್ಟು ಹೇಳಿ.

ಗೋಣಿಕೊಪ್ಪದಿಂದ
ಅಕ್ಕಾ, ಮೊದಲು ಆ ಮೂರು ಕಂದು ಕೋಳಿಯ ಕೊಕ್ಕು ನೋಡಿ. ತುದಿ ಮೊಂಡಾಗಿ, ಮೇಲಿನದಕ್ಕಿಂತ ಕೆಳಗಿನದು ಉದ್ದ ಇದ್ದರೆ ಅದು ಫಾರಂನ ಲೇಯರ್, ಅಂದರೆ ಮೊಟ್ಟೆಗೆಂದೇ ಸಾಕುವ ಕೋಳಿ. ಒಂದನ್ನೊಂದು ಕುಕ್ಕಬಾರದು ಅಂತ ಮರಿ ಇರುವಾಗಲೇ ತುದಿ ತೆಗೆಯುತ್ತಾರೆ. ಒಂದೂವರೆ ವರ್ಷ ವಯಸ್ಸಾಗಿ ಮೊಟ್ಟೆ ಕಮ್ಮಿ ಆದ ಮೇಲೆ ಮಾರಿಬಿಡುತ್ತಾರೆ. ಅದೇ ಸಂತೆಗೆ ಬಂದು ನಾಟಿ ಆಗುತ್ತದೆ. ನನಗೂ ನಾಲ್ಕು ಹಾಗೇ ಬಿದ್ದಿದ್ದವು. ಕಣದಲ್ಲಿ ಚೆಲ್ಲಿದ ನುಚ್ಚನ್ನು ಹೆಕ್ಕಲು ಒದ್ದಾಡುತ್ತಿದ್ದವು ಪಾಪ. ತಟ್ಟೆಯಲ್ಲಿ ಹಾಕಿದರೆ ಮಾತ್ರ ಸರಿಯಾಗಿ ತಿನ್ನುತ್ತಿದ್ದವು.

ಸೋಮವಾರಪೇಟೆಯಿಂದ
ಇಪ್ಪತ್ತು ವರ್ಷದಿಂದ ತೋಟದಲ್ಲಿ ಕೋಳಿ ಸಾಕುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಾಟಿ ಅನ್ನುವುದು ಒಂದು ತಳಿ ಅಲ್ಲ. ಊರಲ್ಲಿ ತಾನಾಗಿ ಬೆರೆತು ಬಂದ ಕೋಳಿಗೆಲ್ಲ ಅದೇ ಹೆಸರು. ಕೆಂಪು, ಕಪ್ಪು, ಚುಕ್ಕೆ, ಬೂದಿ, ಒಂದೇ ತಾಯಿಯ ಮರಿಗಳಲ್ಲಿ ಎಲ್ಲ ಬಣ್ಣ ಬರುತ್ತದೆ. ಹಾಗಾಗಿ ಬಣ್ಣ ನೋಡಿ ತಳಿ ಹೇಳುವವರನ್ನು ನಾನು ನಂಬುವುದಿಲ್ಲ. ಸಂಜೆ ಆರು ಗಂಟೆಗೆ ಕೋಳಿ ಎಲ್ಲಿಗೆ ಹೋಗುತ್ತದೆ ನೋಡಿ. ನಾಟಿಯಾದರೆ ಹಲಸಿನ ಕೊಂಬೆಗೆ ಹಾರಿ ಕೂರುತ್ತದೆ. ಹದ್ದಿನ ನೆರಳು ಬಿದ್ದರೆ ಕಾಫಿ ಗಿಡದ ಬುಡಕ್ಕೆ ನುಗ್ಗುತ್ತದೆ. ಹದಿನೈದು ಇಪ್ಪತ್ತು ಮೊಟ್ಟೆ ಇಟ್ಟ ಮೇಲೆ ಕಾವಿಗೆ ಕೂರುತ್ತದೆ. ಲೇಯರ್ ಕೂರುವುದೇ ಇಲ್ಲ ಅನ್ನಬಹುದು, ಆ ಗುಣವನ್ನೇ ತೆಗೆದಿರುತ್ತಾರೆ.

ನಾಟಿಯಂತೆ ಕಾಣುವ ಗಿರಿರಾಜ, ಸ್ವರ್ಣಧಾರಾ ಅನ್ನುವ ತಳಿ ಎರಡೂ ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಬಂದವು. ಗಿರಿರಾಜ 1989ರದು, ಸ್ವರ್ಣಧಾರಾ 2005ರದು. ಪುಕ್ಕ ನೋಡಿದರೆ ನಾಟಿಯೇ ಅನಿಸುತ್ತದೆ, ಬಣ್ಣ ಬಣ್ಣ. ಕೈಯಲ್ಲಿ ಎತ್ತಿದರೆ ಗೊತ್ತಾಗುತ್ತದೆ. ಕಾಲು ದಪ್ಪ, ಎದೆ ಅಗಲ, ನನ್ನ ಗಿರಿರಾಜ ಹುಂಜ ನಾಲ್ಕು ಕೆಜಿ ದಾಟಿತ್ತು. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ, ಸ್ವರ್ಣಧಾರಾ 180ರ ಮೇಲೆ ಅಂತ ಲೆಕ್ಕ. ನಮ್ಮ ನಾಟಿ ಅರವತ್ತು ಎಪ್ಪತ್ತು ಕೊಟ್ಟರೆ ದೊಡ್ಡದು. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ, ಅದರ ಮೊಟ್ಟೆ ನಾಟಿ ಹೇಂಟೆಯ ಕೆಳಗೆ ಇಡಬೇಕು. ಇನ್ನೊಂದು: ಆ ಮೊಟ್ಟೆಯ ಮರಿ ಅಪ್ಪ ಅಮ್ಮನ ಹಾಗೇ ಬರುತ್ತದೆ ಅಂದುಕೊಳ್ಳಬೇಡಿ. ಎರಡನೇ ತಲೆಮಾರಿಗೇ ತೂಕ, ಮೊಟ್ಟೆ ಎರಡೂ ಇಳಿಯುತ್ತದೆ.

ಬೋಳು ಕುತ್ತಿಗೆಯದನ್ನು ಮಾತ್ರ ಕೊಡಬೇಡಿ. ಅದು ರೋಗ ಅಲ್ಲ, ಹುಟ್ಟುಗುಣ. ಕುತ್ತಿಗೆಯ ಮುಂದೆ ಒಂದು ಸಣ್ಣ ಪುಕ್ಕದ ಗೊಂಚಲು ಇದೆಯಾ ನೋಡಿ. ಇದ್ದರೆ ಆ ಗುಣ ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ ಬಂದಿದೆ. ಮಾಮೂಲಿ ಹುಂಜದ ಜೊತೆ ಬಿಟ್ಟರೆ ಸುಮಾರು ಅರ್ಧ ಮರಿ ಬೋಳು ಕುತ್ತಿಗೆ ಬರುತ್ತವೆ. ಗೊಂಚಲೇ ಇಲ್ಲದಿದ್ದರೆ ಮರಿ ಎಲ್ಲವೂ ಬೋಳೇ.

ವಿರಾಜಪೇಟೆಯಿಂದ
ಕಪ್ಪಿನ ವಿಷಯ ನಾನು ಹೇಳುತ್ತೇನೆ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದು, 2018ರಲ್ಲಿ ಅಲ್ಲಿನ ಮಾಂಸಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಅದರ ಪುಕ್ಕ ಮಾತ್ರ ಅಲ್ಲ, ಜುಟ್ಟು, ಚರ್ಮ, ಮಾಂಸ, ಮೂಳೆ ತನಕ ಕಪ್ಪು. ಬಾಯಿ ತೆರೆದು ನೋಡಿ. ಒಳಗೆ ಗುಲಾಬಿ ಬಣ್ಣ, ಜುಟ್ಟು ಕೆಂಪು ಇದ್ದರೆ ಇನ್ನೂರು ರೂಪಾಯಿ ಹೋಯಿತು. ಮೊಟ್ಟೆ ಕಪ್ಪು ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ, ಅದು ಕೆನೆ ಬಣ್ಣದ್ದೇ.

ನಮ್ಮ ಕಡೆ ಮಾಕುಟ್ಟ ದಾಟಿ ಕೇರಳಕ್ಕೆ ಹೋದರೆ ಸಿಗುವ ತಲಶ್ಶೇರಿ ಕೋಳಿಯೂ ಕಪ್ಪೇ. ಬಿಸಿಲಿಗೆ ಹಿಡಿದರೆ ಕುತ್ತಿಗೆ, ಬೆನ್ನು, ಬಾಲ ನೀಲಿ ಹೊಳೆಯುತ್ತದೆ, ಜುಟ್ಟು ಮಾತ್ರ ಕೆಂಪು. ನಿಮ್ಮದು ಅದೇ ಅಂತ ಹೇಳುತ್ತಿಲ್ಲ, ಆದರೆ ಅದಾಗಿದ್ದರೆ ನಷ್ಟ ಏನಿಲ್ಲ.

ಸಂಪಾಜೆಯಿಂದ
ಬಣ್ಣ ತಳಿಯಲ್ಲ ಅಂದಿರಲ್ಲ, ನೂರಕ್ಕೆ ನೂರು ನಿಜ. ನಮ್ಮ ತುಳುವರು ಹುಂಜವನ್ನು ಬೊಳ್ಳೆ, ಕೆಮ್ಮೈರೆ ಅಂತೆಲ್ಲ ಕರೆಯುತ್ತಾರೆ. ಅದೆಲ್ಲ ಬಣ್ಣದ ಹೆಸರು. ಹೊಸಬರು ಅದನ್ನೇ ತಳಿ ಅಂದುಕೊಂಡು ಹುಡುಕುತ್ತಾರೆ. ಇನ್ನು ಅಂಕದ (ಕೋಳಿಕಾಳಗದ) ಹುಂಜ ಅಂತ ಮಾರುವ ಅಸೀಲ್ ಬೇಕಾದರೆ ದೂರದಿಂದಲೇ ಗೊತ್ತಾಗುತ್ತದೆ: ನೆಟ್ಟಗೆ ನಿಲುವು, ಉದ್ದ ಕುತ್ತಿಗೆ, ತಲೆಗೆ ಅಂಟಿಕೊಂಡ ಪುಟ್ಟ ಜುಟ್ಟು. ಮೊಟ್ಟೆ ಬಹಳ ಕಮ್ಮಿ. ನಿಮಗೆ ಬೇಡ.

ನಾಪೋಕ್ಲಿನಿಂದ
ಎಲ್ಲರೂ ತಳಿ ಹೇಳಿದಿರಿ, ಮಳೆ ಮರೆತಿರಿ! ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗೂಡಿನ ಹೊಟ್ಟು ಒಣಗುವುದೇ ಇಲ್ಲ. ಒದ್ದೆಯಲ್ಲಿ ಮರಿಗಳಿಗೆ ರಕ್ತಭೇದಿ ಹಿಡಿದು ಎರಡು ದಿನದಲ್ಲಿ ಹನ್ನೊಂದು ಕಳೆದುಕೊಂಡೆ, ಎಲ್ಲ ಗಿರಿರಾಜ. ಸೋಮವಾರಪೇಟೆಯ ಅಣ್ಣ ಒಪ್ಪಲಿಕ್ಕಿಲ್ಲ, ಆದರೆ ಭಾರದ ಕೋಳಿ ನಮ್ಮ ಮಳೆಗೆ ಅಲ್ಲ ಅಂತ ನನ್ನ ಅಭಿಪ್ರಾಯ. ಗೂಡು ನೆಲದಿಂದ ಮೇಲೆ ಕಟ್ಟಿ, ತಳಕ್ಕೆ ಬಿದಿರಿನ ಸೀಳು ಹಾಕಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮರಿಗೆ ಮೊದಲ ವಾರದಲ್ಲೇ ಹಾಕಿಸಿ, ಎಂಟು ವಾರದ ಹೊತ್ತಿಗೆ ಇನ್ನೊಂದು. ನಾಟಿಗೆ ಏನೂ ಬೇಡ ಅನ್ನುವವರ ಗೂಡು ಒಂದೇ ವಾರದಲ್ಲಿ ಖಾಲಿ ಆದದ್ದು ನೋಡಿದ್ದೇನೆ.

ಹಾಗೇ ಒಂದು ಮಾತು. ತೋಟದ ಅಂಚಿನಲ್ಲಿ ಕೂಗುವ ಬೂದು ಕಾಡುಕೋಳಿಯ ಮೊಟ್ಟೆ ತಂದು ಕಾವಿಗೆ ಇಡುವ ಆಸೆ ಬೇಡ. 1972ರ ವನ್ಯಜೀವಿ ಕಾಯ್ದೆ ಇದೆ. ಸಾಕುಕೋಳಿಯ ಹಳದಿ ಕಾಲು ಆ ಬೂದು ಕಾಡುಕೋಳಿಯ ಕಡೆಯಿಂದಲೇ ಬಂದದ್ದು ಅಂತ 2008ರಲ್ಲಿ ಕಂಡುಹಿಡಿದಿದ್ದಾರೆ. ಹಾಗಾಗಿ ನೆಂಟಸ್ತಿಕೆ ಇದೆ, ಅಷ್ಟೇ ಸಾಕು.

ಕೇಳಿದವರು, ಮತ್ತೆ
ಎಲ್ಲರಿಗೂ ತುಂಬ ಥ್ಯಾಂಕ್ಸ್. ಈಗ ನೋಡಿ ಬಂದೆ. ಮೂರು ಕಂದಿನ ಕೊಕ್ಕೂ ಮೊಂಡು. ಕಪ್ಪಿನ ಬಾಯಿ ಗುಲಾಬಿ, ಜುಟ್ಟು ಕೆಂಪು. ಇನ್ನೂರು ರೂಪಾಯಿಯ ಸುದ್ದಿ ಮನೆಯಲ್ಲಿ ಹೇಳಿಲ್ಲ. ಬೋಳಿಗೆ ಕುತ್ತಿಗೆಯಲ್ಲಿ ಒಂದು ಚಿಟಿಕೆ ಪುಕ್ಕ ಇದೆ! ಆದರೆ ಆ ಕಪ್ಪು ಹೇಂಟೆ ಮೊನ್ನೆಯಿಂದ ಕಾಫಿ ಚೀಲದ ಸಂದಿಯಲ್ಲಿ ಕೂತಿದೆ. ಕೈ ಹಾಕಿದರೆ ಮೈ ಉಬ್ಬಿಸಿ ಕುಕ್ಕುತ್ತದೆ. ನಮ್ಮ ಮನೆಯಲ್ಲಿ ಹುಂಜ ಇಲ್ಲ. ಸೋಮವಾರಪೇಟೆಯ ಅಣ್ಣ, ಹತ್ತು ಮೊಟ್ಟೆ ಸಿಗುತ್ತದಾ?

ಸೋಮವಾರಪೇಟೆಯಿಂದ
ಭಾನುವಾರ ಬನ್ನಿ ಅಕ್ಕ. ಒಂದು ವಾರದ ಒಳಗಿನದನ್ನೇ ತೆಗೆದಿಡುತ್ತೇನೆ. ಬುಟ್ಟಿಗೆ ತವುಡು ಹಾಕಿಕೊಂಡು ಬನ್ನಿ, ರಸ್ತೆ ಗುಂಡಿ ಗೊತ್ತಲ್ಲ. ಕತ್ತಲಾದ ಮೇಲೆ ಮೆತ್ತಗೆ ಕೆಳಗೆ ಇಡಿ. ಅಲ್ಲಿಂದ 21 ದಿನ.