ಕಮ್ಯುನಿಟಿ ಕಾಲೇಜಿನಲ್ಲಿ ಜನರಲ್ ಬಿಸಿನೆಸ್ ಓದಿದರೆ ಕೆಲಸ ಸಿಗುತ್ತದೆಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಅಲ್ಲಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲವು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದ ನಾನು, ಮದುವೆಯ ನಂತರ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ನೆಲೆಸಿದ್ದೇನೆ. ಮಗ ಚಿಕ್ಕವನಿದ್ದಾಗ ಹೊರಗೆ ದುಡಿಯಲಿಲ್ಲ. ಈಗ ಎಚ್-4 ಇಎಡಿ, ಅಂದರೆ ಎಚ್-1ಬಿ ವೀಸಾದವರ ಸಂಗಾತಿಗೆ ಸಿಗುವ ಕೆಲಸದ ಅನುಮತಿ ಪತ್ರ, ಕೈಯಲ್ಲಿದೆ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಕಡಿಮೆ ಶುಲ್ಕದ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ, ಎರಡು ವರ್ಷದ ಜನರಲ್ ಬಿಸಿನೆಸ್ ಪದವಿಗೆ ಸೇರಿದರೆ ಉದ್ಯೋಗಕ್ಕೆ ಅನುಕೂಲವಾಗುತ್ತದೆಯೇ? ಇಲ್ಲಿಯೇ ಹುಟ್ಟಿದ ಮಗ ಮುಂದಿನ ವರ್ಷ ಹೈಸ್ಕೂಲ್ ಮುಗಿಸುತ್ತಾನೆ. ಅವನ ಒಲವೂ ಇದೇ ಕಡೆಗಿದೆ. ದಯವಿಟ್ಟು ತಿಳಿದವರು ಹೇಳಿ.

ಉತ್ತರ 1

ಮೇಡಂ, ಕೈಯಲ್ಲಿ ಒಂದು ಪದವಿ ಇರುವಾಗ, ಮಾರ್ಕೆಟಿಂಗ್, ಮ್ಯಾನೇಜ್‌ಮೆಂಟ್, ಬಿಸಿನೆಸ್ ಲಾ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುವ ಇನ್ನೊಂದು ಪದವಿಗೆ ನೀವು ಎರಡು ವರ್ಷ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಬಿ.ಕಾಂ. ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿ, ಅದು ಇಲ್ಲಿನ ಎಷ್ಟು ಓದಿಗೆ ಸಮವೆಂದು ಬರಹದಲ್ಲಿ ಪಡೆದುಕೊಳ್ಳಿ; ಆಮೇಲೆ ಅದೇ ಕಾಲೇಜಿನ ಅಕೌಂಟಿಂಗ್ ಅಥವಾ ಬುಕ್‌ಕೀಪಿಂಗ್ ಸರ್ಟಿಫಿಕೇಟಿಗೆ ಸೇರಿ.

ನಾನು ಮಾರಾಟಗಾರರ ಬಿಲ್ಲುಗಳಿಗೆ ಹಣ ಪಾವತಿಸುವ ಅಕೌಂಟ್ಸ್ ಪೇಯಬಲ್ ವಿಭಾಗದಲ್ಲಿದ್ದೇನೆ. ಸಂದರ್ಶನಕ್ಕೆ ಬಂದವರ ಮುಂದೆ ಪರ್ಚೇಸ್ ಆರ್ಡರ್, ಸರಕು ಬಂದ ರಸೀದಿ, ಮಾರಾಟಗಾರರ ಇನ್‌ವಾಯ್ಸ್ ಮೂರನ್ನೂ ಇಟ್ಟು, 100 ಪೆಟ್ಟಿಗೆ ಕೇಳಿದ್ದಕ್ಕೆ 96 ಬಂದು, ಬಿಲ್ಲು ಮಾತ್ರ ನೂರಕ್ಕೂ ಬಂದಿದ್ದರೆ ಏನು ಮಾಡುತ್ತೀರಿ ಎಂದು ಕೇಳುತ್ತೇವೆ. ಸಂಘದ ದಿನವಹಿಯನ್ನೂ ಖಾತೆ ಪುಸ್ತಕವನ್ನೂ ತಾಳೆ ನೋಡಿದವರಿಗೆ ಇದು ಹೊಸ ವಿದ್ಯೆಯೇನಲ್ಲ. ಲೆಕ್ಕಪತ್ರದ ತಂತ್ರಾಂಶ ಕ್ವಿಕ್‌ಬುಕ್ಸ್ ಮತ್ತು ಎಕ್ಸೆಲ್ ಮಾತ್ರ ಚೆನ್ನಾಗಿ ಕೈಗೆ ಹತ್ತಬೇಕು.

ಉತ್ತರ 2

ಮಗನ ವಿಷಯ ಹೇಳುತ್ತೇನೆ. ಅವನಿಗೆ ಕಮ್ಯುನಿಟಿ ಕಾಲೇಜು ಬಹಳ ಒಳ್ಳೆಯ ದಾರಿ. ರಾಜ್ಯದ ನಿವಾಸಿಗಳಿಗೆ ಒಂದು ಸೆಮಿಸ್ಟರ್ ಯೂನಿಟ್‌ಗೆ (ಕ್ರೆಡಿಟ್‌ಗೆ) ಶುಲ್ಕ 46 ಡಾಲರ್ ಮಾತ್ರ. ಆದರೆ ಪದವಿಗಳ ಹೆಸರು ಒಂದೇ ತರಹ ಕಂಡರೂ ಉದ್ದೇಶ ಬೇರೆ ಇರುತ್ತದೆ ಎಂಬುದನ್ನು ಗಮನಿಸಿ: ನೇರವಾಗಿ ಕೆಲಸಕ್ಕೆ ಕಳುಹಿಸಲು ರೂಪಿಸಿದ ಬಿಸಿನೆಸ್ ಪದವಿಯ ಕೆಲವು ಕೋರ್ಸುಗಳನ್ನು ವಿಶ್ವವಿದ್ಯಾಲಯ ಲೆಕ್ಕಕ್ಕೆ ಹಿಡಿಯದೇ ಹೋಗಬಹುದು. ಅವನು ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನಲ್ಲಿ ‘ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್’ ಎಂಬ, ವಿಶ್ವವಿದ್ಯಾಲಯಕ್ಕೆ ವರ್ಗವಾಗಲೆಂದೇ ಇರುವ ಪದವಿಯನ್ನು ಆರಿಸಿಕೊಂಡು 60 ಯೂನಿಟ್ ಮುಗಿಸಿದರೆ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೂ ಒಂದು ಕ್ಯಾಂಪಸ್ಸಿನಲ್ಲಿ ಮೂರನೆಯ ವರ್ಷಕ್ಕೆ ಪ್ರವೇಶ ಖಾತ್ರಿ. ಸ್ಯಾನ್ ಹೋಸೆ ಸ್ಟೇಟ್‌ನಲ್ಲಿಯೇ ಸಿಗುತ್ತದೆ ಎಂಬ ಭರವಸೆ ಇಲ್ಲ. ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯವಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಡೇವಿಸ್, ರಿವರ್‌ಸೈಡ್ ಸೇರಿದಂತೆ ಆರು ಕ್ಯಾಂಪಸ್ಸುಗಳಲ್ಲಿ ಷರತ್ತಿನ ಮೇಲೆ ಇಂಥದೇ ಖಾತರಿಯುಂಟು, ಬರ್ಕ್ಲಿಯಲ್ಲಿ ಇಲ್ಲ. ಮೊದಲ ವಾರವೇ ಕೌನ್ಸೆಲರ್ ಜೊತೆ ಕುಳಿತು, ಅಸಿಸ್ಟ್ ಜಾಲತಾಣದಲ್ಲಿ ಯಾವ ಕೋರ್ಸು ಎಲ್ಲಿ ಸಲ್ಲುತ್ತದೆ ಎಂದು ನೋಡಿಕೊಳ್ಳಲಿ. ಕ್ಯಾಲ್ಕುಲಸ್ ಕೇಳುವ ಕಡೆಗೆ ಸುಲಭದ ಗಣಿತ ತೆಗೆದುಕೊಂಡು ಹೋದರೆ ಒಂದು ವರ್ಷ ಹಿಂದೆ ಬೀಳುವ ಅಪಾಯವಿದೆ.

ಉತ್ತರ 3

ಮೊದಲ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕದಲ್ಲಿ ಮಾಡಿದ ಕೆಲಸವೊಂದೂ ರೆಸ್ಯೂಮೆಯಲ್ಲಿ ಇಲ್ಲದಿರುವುದೇ ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ತೊಡಕು. ಕಡಿಮೆ ಆದಾಯದವರ ತೆರಿಗೆ ರಿಟರ್ನ್‌ಗಳನ್ನು ಉಚಿತವಾಗಿ ತುಂಬಿಕೊಡುವ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ವೀಟಾ ಕಾರ್ಯಕ್ರಮದಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತಾರೆ. ಅಲ್ಲಿ ಒಂದು ತೆರಿಗೆ ಋತು ಕುಳಿತರೆ ಇಲ್ಲಿನ ತೆರಿಗೆಯೂ ತಿಳಿಯುತ್ತದೆ, ಜನರೊಡನೆ ಮಾತನಾಡುವ ಧೈರ್ಯವೂ ಬರುತ್ತದೆ. ಈ ಕೆಲಸ ಹಿಡಿಸಿದರೆ ಐಆರ್‌ಎಸ್ ಮುಂದೆ ತೆರಿಗೆದಾರರ ಪರವಾಗಿ ವ್ಯವಹರಿಸುವ ಅನುಮತಿಗಾಗಿ ಇರುವ ಎನ್‌ರೋಲ್ಡ್ ಏಜೆಂಟ್ ಪರೀಕ್ಷೆ ಕಟ್ಟಿ. ಅದರಲ್ಲಿ ಮೂರು ಭಾಗಗಳಿವೆ, ಕಾಲೇಜು ಪದವಿ ಬೇಕೆಂಬ ನಿಯಮವಿಲ್ಲ. ವೀಟಾ ಕೇಂದ್ರಗಳು ಏಪ್ರಿಲ್ 15ರ ಗಡುವಿನವರೆಗೆ ಬಿಡುವಿಲ್ಲದೆ ನಡೆಯುವುದರಿಂದ, ಜನವರಿಗೆ ಮೊದಲೇ ಹೆಸರು ಕೊಟ್ಟುಬಿಡಿ.