ಮಾನಸಿಕ ಕಾಯಿಲೆಗಳ ವಿಂಗಡಣೆ: ಹಳೆಯ ಟಿಪ್ಪಣಿ ಸರಿಯೋ, ಹೊಸ ಪುಸ್ತಕ ಸರಿಯೋ?

ಪ್ರಶ್ನೆ: ಬಿ.ಎ. ವಿದ್ಯಾರ್ಥಿನಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ಮನಃಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿದ್ದೇನೆ. ಹಿರಿಯ ವಿದ್ಯಾರ್ಥಿಗಳಿಂದ ಪಡೆದ ಟಿಪ್ಪಣಿಯಲ್ಲಿ ಮಾನಸಿಕ ಕಾಯಿಲೆಗಳನ್ನು ನ್ಯೂರೋಸಿಸ್ (ವಾಸ್ತವದ ಅರಿವು ಉಳಿದಿರುವ, ಆತಂಕದಂತಹ ತೊಂದರೆಗಳು), ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆಗಳು) ಎಂದು ಎರಡೇ ಭಾಗ ಮಾಡಲಾಗಿದೆ. ಗ್ರಂಥಾಲಯದ ಹೊಸ ಪುಸ್ತಕದಲ್ಲಾದರೆ ಆತಂಕ, ಖಿನ್ನತೆ, ಗೀಳು ಎಂದು ಪ್ರತ್ಯೇಕ ಅಧ್ಯಾಯಗಳಿವೆ. ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳಬೇಕು, ಒಂದನ್ನು ಇನ್ನೊಂದರಿಂದ ಹೇಗೆ ಗುರುತಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಬಾಗಲಕೋಟೆ ಜಿಲ್ಲೆ

ತಂಗೀ, ಹೊಸ ಪುಸ್ತಕವನ್ನೇ ಹಿಡಿಯಿರಿ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಹೊರತಂದ ಡಿಎಸ್‌ಎಂ-3 ಎಂಬ ಮಾನಸಿಕ ಕಾಯಿಲೆಗಳ ಕೈಪಿಡಿಯಲ್ಲಿಯೇ ನ್ಯೂರೋಸಿಸ್ ಎಂಬ ಗುಂಪನ್ನು ಕೈಬಿಡಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ವಿಂಗಡಣೆಯ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಕಾಯಿಲೆಯ ಕಾರಣವನ್ನು ಮೊದಲೇ ಊಹಿಸುವ ಬದಲು, ಯಾವ ಲಕ್ಷಣಗಳಿವೆ, ಎಷ್ಟು ದಿನದಿಂದ ಇವೆ, ದಿನನಿತ್ಯದ ಕೆಲಸ ಎಷ್ಟು ಕೆಟ್ಟಿದೆ ಎಂಬುದನ್ನು ಈಗ ಮುಖ್ಯವಾಗಿ ನೋಡುತ್ತಾರೆ. ಖಿನ್ನತೆ ಎನ್ನಬೇಕಾದರೆ ಮನಸ್ಸಿನ ಕುಗ್ಗುವಿಕೆಯೋ ನಿರಾಸಕ್ತಿಯೋ ದಿನದ ಬಹುಪಾಲು, ಕನಿಷ್ಠ ಎರಡು ವಾರ ಇರಬೇಕು. ಆದರೆ ನಮ್ಮ ಕಡೆಯ ಹಳ್ಳಿಗಳಿಂದ ಬರುವವರು ದುಃಖದ ಮಾತನ್ನೇ ಎತ್ತದೆ, ಮೈಕೈ ನೋವು, ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎನ್ನುತ್ತಾರೆ. ಪುಸ್ತಕ ಓದುವಾಗ ಇದು ನೆನಪಿರಲಿ.

ಗೀಳು ಕಾಯಿಲೆಯನ್ನು 2013ರ ಡಿಎಸ್‌ಎಂ-5 ಆತಂಕದ ಗುಂಪಿನಿಂದ ಬೇರೆ ಮಾಡಿತು. ಬಾಗಿಲಿಗೆ ಕೀಲಿ ಹಾಕಿ ಬಸ್ ನಿಲ್ದಾಣದವರೆಗೆ ಹೋದವರು, ಹಾಕಿದ್ದು ಗೊತ್ತಿದ್ದರೂ ಮರಳಿ ಬಂದು ಜಗ್ಗಿ ನೋಡುತ್ತಾರೆ, ಮತ್ತೆ ಹೋಗಿ ಮತ್ತೆ ಬರುತ್ತಾರೆ, ಬಸ್ಸು ತಪ್ಪುತ್ತದೆ. ಇದು ಅತಿಯಾಯಿತು ಎಂಬ ಅರಿವು ಅವರಲ್ಲಿ ಬಹುತೇಕರಿಗೆ ಇರುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಹಾಗಲ್ಲ: ಯಾರೂ ಇಲ್ಲದಾಗಲೂ ಕೇಳುವ ಧ್ವನಿ, ನೆರೆಯವರು ವಿಷ ಹಾಕುತ್ತಿದ್ದಾರೆಂಬ ನಂಬಿಕೆ ರೋಗಿಗೆ ಸಾಮಾನ್ಯವಾಗಿ ನಿಜವೇ ಆಗಿರುತ್ತದೆ. ವಾದ ಮಾಡಿ ಅದನ್ನು ಬಿಡಿಸಲಾಗದು, ಬೈಯುವುದಂತೂ ಅನ್ಯಾಯ.

ಉತ್ತರ: ರೋಗಿಯೊಬ್ಬರ ಅಕ್ಕ, ಬೆಳಗಾವಿ

ಸರ್ ಹೇಳಿದ್ದಕ್ಕೆ ಬೈಪೋಲಾರ್ ಕಾಯಿಲೆಯನ್ನೂ ಸೇರಿಸಬೇಕು. ಖಿನ್ನತೆಯಲ್ಲಿ ಹಾಸಿಗೆ ಬಿಟ್ಟೇಳದ ನನ್ನ ತಮ್ಮ, ಇನ್ನೊಂದು ಅವಧಿಯಲ್ಲಿ ಎರಡು ತಾಸು ಮಲಗಿ ಎದ್ದು, ದಣಿವಿಲ್ಲದೆ ಮಾತನಾಡುತ್ತ, ಸಾಲ ಮಾಡಿ ಎರಡನೆಯ ಟ್ರ್ಯಾಕ್ಟರ್ ಕೊಳ್ಳಲು ಹೊರಟಿದ್ದ. ಇಂತಹ ಹುರುಪನ್ನು ಮನೆಯವರು ಕಾಯಿಲೆಯೆಂದು ಎಣಿಸುವುದಿಲ್ಲವಾದ್ದರಿಂದ ವೈದ್ಯರ ಮುಂದೆ ಅದರ ಮಾತೇ ಬರುವುದಿಲ್ಲ. ಆಗ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಉನ್ಮಾದ, ಅಂದರೆ ಇಂತಹ ಅತಿಯಾದ ಹುರುಪು, ಕೆರಳುವ ಅಪಾಯವಿದೆ. ಈ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಔಷಧ ತೆಗೆದುಕೊಳ್ಳುವವರು ರಕ್ತ ಪರೀಕ್ಷೆಯನ್ನು ತಪ್ಪಿಸಬಾರದು.

ಮರುಪ್ರಶ್ನೆ: ಬಿ.ಎ. ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದಗಳು. ಒಬ್ಬರಿಗೇ ಎರಡು ಕಾಯಿಲೆಗಳು ಇರಬಹುದೇ?

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತ

ಖಂಡಿತ ಇರಬಹುದು. ಆತಂಕ ಮತ್ತು ಖಿನ್ನತೆ ಹಲವರಲ್ಲಿ ಜೊತೆಯಾಗಿಯೇ ಬರುತ್ತವೆ. ಮದ್ಯವ್ಯಸನದ ಹಿಂದೆಯೂ ಇವು ಅಡಗಿರುವುದುಂಟು. ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದಾಗಲೂ ಖಿನ್ನತೆಯಂತಹ ಲಕ್ಷಣಗಳೇ ಕಾಣಿಸಿಕೊಳ್ಳುವುದರಿಂದ ವೈದ್ಯರು ಅದರ ಪರೀಕ್ಷೆಯನ್ನೂ ಮಾಡಿಸುತ್ತಾರೆ. ನಿಮ್ಮ ಪರಿಚಯದವರಿಗೆ ಇಂತಹ ತೊಂದರೆಯಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ನಮಗೆ ಹತ್ತಿರ.