ವೈದ್ಯರನ್ನು ಕೇಳಿ: ಈಜಿಗೂ ಸೂಕ್ಷ್ಮ ಕೆತ್ತನೆಗೂ ಏನು ನಂಟು?

ಪ್ರಶ್ನೆ:
ನಮಸ್ಕಾರ ಮೇಡಂ. ನಾನು ಲೋಹದ ಮೇಲೆ ಕೈಯಲ್ಲೇ ಅಕ್ಷರ ಕೆತ್ತುವವನು, ಹದಿನೆಂಟು ವರ್ಷದ ಕಸುಬು. ಒಂದು ವರ್ಷದಿಂದ ಮೈಕ್ರೋಸ್ಕೋಪ್ ಇಟ್ಟುಕೊಂಡು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕೆತ್ತನೆ ಕಲಿಯುತ್ತಿದ್ದೇನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಗ್ರಹಾಂ ಶಾರ್ಟ್ ಅವರ ಬಗ್ಗೆ ಓದಿದೆ. ಗುಂಡುಸೂಜಿಯ ತಲೆಯ ಮೇಲೆ ಇಡೀ ಪ್ರಾರ್ಥನೆಯನ್ನೇ ಕೆತ್ತಿದವರು. 2016ರಲ್ಲಿ ಹೊಸ ಐದು ಪೌಂಡಿನ ನೋಟುಗಳ ಮೇಲೆ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಅವರ ಪುಟ್ಟ ಚಿತ್ರ ಕೆತ್ತಿ ಖರ್ಚಿಗೆ ಬಿಟ್ಟವರು. ವಾಹನಗಳ ಅದುರಾಟ ಇರಬಾರದೆಂದು ರಾತ್ರಿ ಕೂರುತ್ತಾರಂತೆ, ಎದೆಗೆ ಸ್ಟೆತಸ್ಕೋಪ್ ಅಂಟಿಸಿಕೊಂಡು ಎರಡು ಬಡಿತಗಳ ನಡುವೆ ಮಾತ್ರ ಗೆರೆ ಎಳೆಯುತ್ತಾರಂತೆ. ಅದಕ್ಕಾಗಿ ತಪ್ಪದೆ ಈಜುತ್ತಾರಂತೆ. ಈಜಿಗೂ ಇದಕ್ಕೂ ನಿಜವಾಗಿ ಸಂಬಂಧ ಇದೆಯೇ? ನನಗೆ 43 ವರ್ಷ, ಕುಳಿತಾಗ ನಾಡಿ 78.

ಉತ್ತರ:
ಸಂಬಂಧ ಇದೆ. ನಾನು ಕ್ರೀಡಾ ವೈದ್ಯೆ, ಈಜುಗಾರರನ್ನೂ ಶೂಟರ್‌ಗಳನ್ನೂ ನೋಡುತ್ತೇನೆ. ನಿಮ್ಮ ಪ್ರಶ್ನೆ ಆ ಇಬ್ಬರ ನಡುವೆ ಬರುತ್ತದೆ.

ಹಿಂದೊಮ್ಮೆ ಕೆತ್ತನೆ ಮಾಡುವ ಗೆಳತಿಯ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಅವಳ ಉಳಿಯನ್ನು ಹಿಡಿದು ಸುಮ್ಮನೆ ಕೂತಿದ್ದೆ. ಮೊಣಕೈ, ಮಣಿಕಟ್ಟು ಎರಡೂ ಮೇಜಿನ ಮೇಲೆ. ಹೊರಗಿನಿಂದ ನೋಡಿದರೆ ಕೈ ಕಲ್ಲಿನ ಹಾಗೆ. ಒಳಗೆ ನೋಡಿದರೆ ಉಳಿಯ ಮೊನೆ ತಾಳಕ್ಕೆ ಸರಿಯಾಗಿ ತಲೆದೂಗುತ್ತಿತ್ತು: ಒಂದು ತೂಗು, ಸ್ವಲ್ಪ ನಿಲುಗಡೆ, ಮತ್ತೊಂದು ತೂಗು. ಎಡಗೈಯಿಂದ ಕತ್ತಿನ ನಾಡಿ ಹಿಡಿದು ನೋಡಿದೆ, ಅದೇ ಲಯ. ಹೃದಯ ರಕ್ತವನ್ನು ತಳ್ಳಿದಾಗಲೆಲ್ಲ ಇಡೀ ಮೈ ಒಂದಿಷ್ಟು ಹಿಂದಕ್ಕೆ ಜಗ್ಗುತ್ತದೆ, ಬೆರಳಿನ ರಕ್ತನಾಳ ಉಬ್ಬುತ್ತದೆ. ದಿನನಿತ್ಯದ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. ನಿಮ್ಮ ಅಕ್ಷರಕ್ಕೆ ಅದು ಭೂಕಂಪ.

ಈಗ ನಿಮ್ಮ 78 ತೆಗೆದುಕೊಳ್ಳಿ. ಒಂದು ಬಡಿತದಿಂದ ಇನ್ನೊಂದಕ್ಕೆ 0.77 ಸೆಕೆಂಡ್. ಅದರಲ್ಲಿ ಹೃದಯ ಹಿಂಡಿಕೊಳ್ಳುವುದಕ್ಕೆ ಸುಮಾರು 0.3 ಹೋಗುತ್ತದೆ, ಉಳಿದದ್ದು ವಿಶ್ರಾಂತಿ. ನಾಡಿ 55ಕ್ಕೆ ಇಳಿದರೆ ಬಡಿತದ ಅಂತರ 1.09 ಸೆಕೆಂಡ್ ಆಗುತ್ತದೆ. ಹಿಂಡುವ ಹೊತ್ತು ಹೆಚ್ಚೇನೂ ಬದಲಾಗುವುದಿಲ್ಲ. ಹೆಚ್ಚಿದ ಸಮಯವೆಲ್ಲ ಬಹುಪಾಲು ವಿಶ್ರಾಂತಿಗೇ ಸೇರುತ್ತದೆ. ಅಂದರೆ ಅರ್ಧ ಸೆಕೆಂಡಿಗಿಂತ ಕಡಿಮೆ ಇದ್ದ ಬಿಡುವು ಮುಕ್ಕಾಲು ಸೆಕೆಂಡಿನ ಹತ್ತಿರ ಬರುತ್ತದೆ. ಈಜಿನಿಂದ ನೀವು ಸಂಪಾದಿಸುವುದು ಈ ಬಿಡುವನ್ನೇ.

ತಿಂಗಳುಗಟ್ಟಲೆ ಈಜಿದರೆ ಹೃದಯದ ಕೋಣೆ ಹಿಗ್ಗುತ್ತದೆ, ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ಹಾಗಾಗಿ ಕಡಿಮೆ ಬಡಿತ ಸಾಕಾಗುತ್ತದೆ. ಚೆನ್ನಾಗಿ ಪಳಗಿದ ಕ್ರೀಡಾಪಟುಗಳಲ್ಲಿ ವಿಶ್ರಾಂತಿಯ ನಾಡಿ 40ರ ಆಸುಪಾಸಿಗೂ ಇಳಿದಿರುತ್ತದೆ. ನಿಮಗೆ ಅಷ್ಟು ಬೇಕಿಲ್ಲ, ಅದನ್ನು ಗುರಿ ಮಾಡಿಕೊಳ್ಳಲೂ ಬೇಡಿ.

ಇನ್ನೊಂದು ಲಾಭ ಉಸಿರಿನದು, ನನಗೆ ಅದೇ ಹೆಚ್ಚು ಇಷ್ಟ. ಫ್ರೀಸ್ಟೈಲ್‌ನಲ್ಲಿ ಉಸಿರು ಎಳೆದುಕೊಳ್ಳಲು ಸಿಗುವುದು ಒಂದು ಚಿಟಿಕೆ ಹೊತ್ತು. ಬಿಡುವುದು ನೀರಿನೊಳಗೆ, ನಿಧಾನವಾಗಿ, ಗುಳ್ಳೆ ಗುಳ್ಳೆಯಾಗಿ. ಉಸಿರು ಎಳೆದಾಗ ನಾಡಿ ಸ್ವಲ್ಪ ಓಡುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಉದ್ದನೆಯ ನಿಶ್ವಾಸ ಈಜುಗಾರರಿಗೆ ಮೈಗೆ ಹತ್ತಿದ ಅಭ್ಯಾಸ. ಶೂಟರ್‌ಗಳು ಟ್ರಿಗರ್ ಒತ್ತುವುದೂ ಉಸಿರು ಬಿಟ್ಟ ಮೇಲಿನ ಆ ತಂಗುವಿಕೆಯಲ್ಲೇ.

ಒಂದು ಮಾತು ಮುಚ್ಚಿಡುವುದಿಲ್ಲ. ಎಲ್ಲರ ಕೈಯಲ್ಲೂ ಸೆಕೆಂಡಿಗೆ 8ರಿಂದ 12 ಸಲದ ಸಹಜ ನಡುಕ ಇರುತ್ತದೆ, ಈಜಿದರೆ ಅದು ಹೋಗುವುದಿಲ್ಲ. ಅದಕ್ಕೆ ಮದ್ದು ಕೈಗೆ ಸರಿಯಾದ ಆಸರೆ, ನಿದ್ದೆ, ಕಡಿಮೆ ಕಾಫಿ.

ಅದೇ ಸದಸ್ಯರು:
ಸ್ಟೆತಸ್ಕೋಪ್ ತಂದು ಪ್ರಯತ್ನಿಸಿದೆ ಮೇಡಂ. ಶಬ್ದ ಕೇಳಿ, ಅದು ಮುಗಿದ ತಕ್ಷಣ ಗೆರೆ ಎಳೆದರೂ ಮೊನೆ ಜಾರುತ್ತಿದೆ.

ಉತ್ತರ:
‘ತಕ್ಷಣ’ ಎನ್ನುವಲ್ಲೇ ತೊಡಕಿದೆ. ಹೃದಯದಿಂದ ಹೊರಟ ಅಲೆ ಬೆರಳ ತುದಿ ಮುಟ್ಟಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಕಿವಿಗೆ ‘ಲಬ್-ಡಬ್’ ಮುಗಿದಾಗಲೂ ಬೆರಳಲ್ಲಿ ಉಬ್ಬರ ಪೂರ್ತಿ ಇಳಿದಿರುವುದಿಲ್ಲ. ‘ಡಬ್’ ಕೇಳಿದ ಮೇಲೆ ಒಂದು ಚಿಟಿಕೆ ಹೊತ್ತು ಬಿಟ್ಟು ಎಳೆಯಿರಿ. ಮೊದಲು ನಾಲ್ಕೈದು ದಿನ ಕೆತ್ತಲೇಬೇಡಿ. ಮೊನೆಯನ್ನು ಲೋಹಕ್ಕೆ ತಾಗಿಸದೆ, ಅದು ಯಾವಾಗ ನಿಲ್ಲುತ್ತದೆ ಎಂದು ನೋಡುತ್ತಾ ಕೂರಿ. ನಾಡಿ 78 ಇರುವವರಿಗೆ ಆ ನಿಲುಗಡೆ ಎಷ್ಟು ಕಿರಿದು ಎಂದು ಆಗ ಕಣ್ಣಿಗೇ ಕಾಣುತ್ತದೆ.

ಇನ್ನೊಬ್ಬ ಸದಸ್ಯರು:
ಓಡಿದರೂ ಸೈಕಲ್ ತುಳಿದರೂ ನಾಡಿ ಇಳಿಯುತ್ತದಲ್ಲ? ಈಜೇ ಯಾಕೆ?

ಉತ್ತರ:
ಹೃದಯದ ಮಟ್ಟಿಗೆ ಓಟವೂ ಆದೀತು. ಸೈಕಲ್ ಬಗ್ಗೆ ಮಾತ್ರ ಕೆತ್ತನೆಯವರಿಗೆ ಎಚ್ಚರಿಕೆ ಹೇಳುತ್ತೇನೆ: ಹ್ಯಾಂಡಲ್ ಮೇಲೆ ಅಂಗೈ ಊರಿ ಬಹಳ ಹೊತ್ತು ತುಳಿದರೆ ಅಲ್ಲಿಯ ನರ ಒತ್ತಿಕೊಂಡು ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ನೀರಿನಲ್ಲಿ ಏನನ್ನೂ ಹಿಡಿಯಬೇಕಿಲ್ಲ. ದಿನವಿಡೀ ಉಳಿ ಹಿಡಿದ ಬೆರಳುಗಳು ಬಿಚ್ಚಿಕೊಳ್ಳುತ್ತವೆ, ಬಗ್ಗಿ ಕೂತ ಬೆನ್ನು ನೀಳವಾಗುತ್ತದೆ.

ಸದಸ್ಯೆಯೊಬ್ಬರು:
ಅಕ್ಕ, ನಾನು ಅಕ್ಕಿಕಾಳಿನ ಮೇಲೆ ಚಿತ್ರ ಬರೆಯುತ್ತೇನೆ. ಬೆಳಗ್ಗೆ ಜೋರಾಗಿ ಈಜಿ ಬಂದು ಕೂತರೆ ಕೈ ಇನ್ನೂ ಹೆಚ್ಚು ನಡುಗುತ್ತದೆ. ನನ್ನ ಮೈಗೆ ಈಜು ಆಗಿಬರುವುದಿಲ್ಲವೇನೋ?

ಉತ್ತರ:
ಹಾಗೇನೂ ಇಲ್ಲ, ಹೊತ್ತು ಬದಲಿಸಿ ನೋಡಿ. ದಣಿದ ಸ್ನಾಯು ನಡುಗುವುದು ಸಹಜ, ಜೋರಾಗಿ ಈಜಿದರೆ ಕೆಲವು ಗಂಟೆ ಹಾಗೇ ಇರುತ್ತದೆ. ಕೆಲಸ ಬೆಳಗ್ಗೆ ಇದ್ದರೆ ಸಂಜೆ ಈಜಿ. ರಾತ್ರಿ ಕೂರುವವರಾದರೆ ಬೆಳಗ್ಗೆ ಈಜಿ. ವಾರಕ್ಕೆ ನಾಲ್ಕು ದಿನ, 30ರಿಂದ 40 ನಿಮಿಷ. ಗೋಡೆ ಮುಟ್ಟಿ ನಿಂತಾಗ ಎರಡು ವಾಕ್ಯ ಸಲೀಸಾಗಿ ಆಡುವಂತಿರಬೇಕು, ಅಷ್ಟೇ ವೇಗ. ಕೈಗೆ ಪ್ಯಾಡಲ್ (ಅಂಗೈಗೆ ಕಟ್ಟಿಕೊಳ್ಳುವ ಹಲಗೆ) ಹಾಕಿಕೊಳ್ಳಬೇಡಿ, ಭುಜಕ್ಕೆ ಭಾರ ಬೀಳುತ್ತದೆ. ಭುಜ ನೋಯುತ್ತಿದ್ದರೆ ಬೆರಳು ಸೂಕ್ಷ್ಮ ಕೆಲಸಕ್ಕೆ ಒಗ್ಗುವುದಿಲ್ಲ.

ಇನ್ನೊಬ್ಬ ಸದಸ್ಯರು:
ನೀರಿನೊಳಗೆ ಉಸಿರು ಕಟ್ಟಿ ಕೂತರೆ ನಾಡಿ ಬೇಗ ಇಳಿಯುತ್ತದೆ ಎಂದು ಕೇಳಿದ್ದೇನೆ. ಇನ್ನೊಬ್ಬರು ನಾಡಿ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ಸುಲಭ ಎಂದರು.

ಉತ್ತರ:
ಎರಡೂ ಬೇಡ, ದಯವಿಟ್ಟು. ಮುಖ ತಣ್ಣೀರಿಗೆ ತಾಗಿದಾಗ, ಉಸಿರು ಕಟ್ಟಿದಾಗ ನಾಡಿ ಇಳಿಯುವುದು ನಿಜ. ಆದರೆ ಮೇಲೆ ಬಂದು ಉಸಿರಾಡಿದ ಸ್ವಲ್ಪ ಹೊತ್ತಿನಲ್ಲೇ ಅದು ಮುಗಿಯಿತು, ಮೇಜಿನ ತನಕ ಬರುವುದಿಲ್ಲ. ಅದಕ್ಕಾಗಿ ಜೋರಾಗಿ ಉಸಿರೆಳೆದು ಮುಳುಗಿ ಕೂತರೆ ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು, ಒಳ್ಳೆಯ ಈಜುಗಾರರೇ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಬೀಟಾ ಬ್ಲಾಕರ್ ಕೈಯ ನಡುಕವನ್ನು ತಗ್ಗಿಸುತ್ತದೆ, ಅದಕ್ಕೇ ಶೂಟಿಂಗ್ ಮತ್ತು ಬಿಲ್ಲುಗಾರಿಕೆಯಲ್ಲಿ ಅದು ನಿಷೇಧಿತ. ಆದರೆ ಅಸ್ತಮಾ ಇದ್ದವರಿಗೆ ಅದು ಅಪಾಯ, ತೆಗೆದುಕೊಳ್ಳುತ್ತಿದ್ದವರು ಥಟ್ಟನೆ ನಿಲ್ಲಿಸಿದರೂ ಅಪಾಯ. ಕಾಯಿಲೆ ಇದ್ದು ವೈದ್ಯರು ಬರೆದುಕೊಟ್ಟರೆ ಮಾತ್ರ ಅದರ ಮಾತು. ಹಾಗೆಯೇ, ನಾಡಿ ಇಳಿದು ತಲೆ ಸುತ್ತು, ಕಣ್ಣು ಕತ್ತಲೆ ಬಂದರೆ ಈಜಿನ ಫಲ ಎಂದು ಹೆಮ್ಮೆಪಡದೆ ಇಸಿಜಿ ಮಾಡಿಸಿ.

ಮೊದಲ ಸದಸ್ಯರು, ಹತ್ತು ವಾರದ ನಂತರ:
ಮೇಡಂ, ಬೆಳಗ್ಗೆ ಎದ್ದ ಕೂಡಲೇ ನೋಡಿದರೆ ನಾಡಿ 70. ಕನ್ನಡ ಅಕ್ಷರವೆಂದರೆ ಎಲ್ಲಾ ಸುತ್ತೇ, ನೇರ ಗೆರೆ ಅಪರೂಪ. ಮೊದಲು ‘ರ’ದ ಸುತ್ತಿಗೆ ಐದು ಬಿಡುವು ಬೇಕಾಗುತ್ತಿತ್ತು, ಕೂಡುವಲ್ಲೆಲ್ಲ ಗಂಟು ಬೀಳುತ್ತಿತ್ತು. ನಿನ್ನೆ ಮೂರರಲ್ಲಿ ಮುಗಿಯಿತು. ‘ಡಬ್’ ಆದ ಮೇಲೆ ಕಾಯುವುದು ಈಗ ಯೋಚಿಸದೇ ಬರುತ್ತಿದೆ.

ಉತ್ತರ:
ಓದಿ ಬಹಳ ಖುಷಿಯಾಯಿತು. ಒಂದು ಸಣ್ಣ ತಿದ್ದುಪಡಿ: ಮೊದಲ 78 ಕುಳಿತಾಗ ಎಣಿಸಿದ್ದು, ಈ 70 ಎದ್ದ ಕೂಡಲೇ ಎಣಿಸಿದ್ದು. ಎದ್ದ ಹೊತ್ತಿನ ನಾಡಿ ಹೇಗೂ ಕಡಿಮೆಯೇ ಇರುತ್ತದೆ. ಕೆಲಸಕ್ಕೆ ಕೂತು, ಉಳಿ ಹಿಡಿದು ಹತ್ತು ನಿಮಿಷವಾದ ಮೇಲೆ ಎಣಿಸಿ ಬರೆದಿಡಿ, ನಿಮಗೆ ಬೇಕಾದ ಲೆಕ್ಕ ಅದು. ಆ ‘ರ’ದ ಫೋಟೋವನ್ನು ಮೈಕ್ರೋಸ್ಕೋಪಿನಿಂದಲೇ ತೆಗೆದು ಹಾಕಿ, ಹಳೆಯದನ್ನೂ ಪಕ್ಕದಲ್ಲಿಡಿ. ಮೂರು ಕೂಡುಗಳು ಎಲ್ಲಿ ಬಿದ್ದಿವೆ ನೋಡಬೇಕು.